ಗೇಟಿನ ಬಳಿ ನಿಂತ ಅಜ್ಜ

ಕೇಳುಗರಿಗೆ ನಮಸ್ಕಾರ.

ಮಡಿಕೇರಿಯ ಹಾಸ್ಟೆಲಿನಲ್ಲಿದ್ದಾಗ ನನಗೆ 14 ವರ್ಷ. ಜುಲೈ ತಿಂಗಳು, ಧೋ ಎಂದು ಮಳೆ. ಅಜ್ಜ ಗೇಟಿನ ಹತ್ತಿರ ಬಂದು ನಿಂತಿದ್ದರು. ತಲೆ ಮೇಲೆ ಗೋಣಿ ಕೊಪ್ಪೆ, ಕಾಲೆಲ್ಲ ಕೆಸರು, ಕೈಯಲ್ಲಿ ಒಂದು ಬಾಟಲಿ ಜೇನು. "ಯಾರೋ ಅದು?" ಎಂದು ಗೆಳೆಯ ಕೇಳಿದ. "ತೋಟದಿಂದ ಬಂದಿದ್ದಾರೆ" ಎಂದೆ. ಸುಳ್ಳೇನಲ್ಲ, ಅಲ್ವಾ? ಅಜ್ಜ ತೋಟದಿಂದಲೇ ಬಂದಿದ್ದರು.

ಅದೇ ವರ್ಷ ಚಾರ್ಲ್ಸ್ ಡಿಕನ್ಸ್ ಬರೆದ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಓದಿದೆ. 1860ರ ಡಿಸೆಂಬರಿನಿಂದ ವಾರಪತ್ರಿಕೆಯಲ್ಲಿ ಕಂತು ಕಂತಾಗಿ ಬಂದ ಕಾದಂಬರಿ. ಅನಾಥ ಹುಡುಗ ಪಿಪ್ ಅಕ್ಕ-ಭಾವನ ಮನೆಯಲ್ಲಿ ಬೆಳೆಯುತ್ತಾನೆ. ಭಾವ ಜೋ, ಕಮ್ಮಾರ. ಪಿಪ್‌ಗೆ ಎಲ್ಲಿಂದಲೋ ದುಡ್ಡು ಬರುತ್ತದೆ, ಲಂಡನ್ನಿಗೆ ಹೋಗಿ ದೊಡ್ಡ ಮನುಷ್ಯನಾಗುತ್ತಾನೆ. ಅಲ್ಲಿಗೆ ಒಂದು ದಿನ ಜೋ ಬರುತ್ತಾನೆ. ಟೋಪಿ ಎಲ್ಲಿಡಬೇಕೆಂದು ತಿಳಿಯದೆ ಅಗ್ಗಿಷ್ಟಿಕೆಯ ಅಂಚಿನ ಮೇಲಿಡುತ್ತಾನೆ. ಅದು ಮತ್ತೆ ಮತ್ತೆ ಬೀಳುತ್ತದೆ. ತನ್ನ ಕಣ್ಣೆದುರೇ ಬೆಳೆದ ಹುಡುಗನನ್ನು ಒಮ್ಮೆ 'ಪಿಪ್' ಎನ್ನುತ್ತಾನೆ, ಒಮ್ಮೆ 'ಸಾರ್' ಎನ್ನುತ್ತಾನೆ. ದುಡ್ಡು ಕೊಟ್ಟು ಜೋ ಬರುವುದನ್ನು ತಪ್ಪಿಸಲು ಆಗುತ್ತಿದ್ದರೆ ಖಂಡಿತ ಕೊಡುತ್ತಿದ್ದೆ ಎಂದು ಪಿಪ್ ಒಪ್ಪಿಕೊಳ್ಳುತ್ತಾನೆ.

ಟೋಪಿ ಬಿದ್ದದ್ದಕ್ಕೆ ನಾನು ಹೊಟ್ಟೆ ಹಿಡಿದು ನಕ್ಕಿದ್ದೆ. ಗೋಣಿ ಕೊಪ್ಪೆ ನೆನಪಿಗೇ ಬರಲಿಲ್ಲ.

ಹುಡುಗರು ಬೆಳೆದು ದೊಡ್ಡವರಾಗುವ ಕಾದಂಬರಿಗೆ ಜರ್ಮನರು ಇಟ್ಟ ಹೆಸರು ಬಿಲ್ಡುಂಗ್ಸ್‌ರೋಮಾನ್. ಬಾಯಿಗೆ ಕಷ್ಟ, ಬಿಡಿ. ಇಂಥ ಕಥೆ ಬರೆಯುವವರಿಗೆ ಎಷ್ಟೋ ಸಲ ಅವಸರ ಜಾಸ್ತಿ. 12 ವರ್ಷದ ಹುಡುಗನ ಬಾಯಲ್ಲಿ 60 ದಾಟಿದವರ ಮಾತು ಹಾಕುತ್ತಾರೆ. ತಪ್ಪು ಮಾಡಿದ ಮರುಪುಟದಲ್ಲೇ ಹುಡುಗ ಅತ್ತು, ತಿದ್ದಿಕೊಂಡು ಸುಮ್ನೆ ಒಳ್ಳೆಯವನಾಗಿಬಿಡುತ್ತಾನೆ. ನನಗಂತೂ ಅಂಥವನನ್ನು ನಂಬಲು ಆಗುವುದಿಲ್ಲ.

ಪಿಪ್‌ನನ್ನು ನೋಡಿ. ಕಥೆ ಹೇಳುವವನು ದೊಡ್ಡವನಾದ ಪಿಪ್. ಆದರೂ ಆ ಹುಡುಗನ ಸಣ್ಣತನವನ್ನು ಅವನು ಮುಚ್ಚಿಡುವುದಿಲ್ಲ. ಜೋ ಹೋದ ಮೇಲೆ ಪಿಪ್‌ಗೆ ನೋವಾಗುತ್ತದೆ. ಊರಿಗೆ ಹೋಗಿ ಜೋ ಮನೆಯಲ್ಲೇ ಉಳಿಯಬೇಕು ಅಂದುಕೊಳ್ಳುತ್ತಾನೆ. ಮರುದಿನ ಊರಿಗೇನೋ ಹೊರಡುತ್ತಾನೆ. ಅಷ್ಟರಲ್ಲೇ ನೆಪಗಳು ಹುಟ್ಟಿಕೊಳ್ಳುತ್ತವೆ. ಪಾಪ, ಜೋಗೆ ತೊಂದರೆ. ಹಾಸಿಗೆ ಬೇರೆ ಸಿದ್ಧವಿರುವುದಿಲ್ಲ. ಕೊನೆಗೆ ಉಳಿಯುವುದು ಹೋಟೆಲಿನಲ್ಲಿ!

ದಸರಾ ರಜೆಗೆ ನಾನು ಖಾಲಿ ಬಾಟಲಿ ವಾಪಸ್ ಒಯ್ದೆ. ಅಜ್ಜ ಅದನ್ನು ತೊಳೆಯುತ್ತಾ, "ಗೇಟಿನ ಹತ್ತಿರ ಇದ್ದನಲ್ಲ, ಆ ಹುಡುಗನಿಗೂ ಕೊಟ್ಟೆಯಾ ಮಗಾ?" ಎಂದು ಕೇಳಿದರು. "ಹೂಂ" ಎಂದೆ. ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಯಾರು ತಂದದ್ದು ಎಂದು ಅವನು ಕೇಳುತ್ತಿದ್ದನಲ್ಲ.