ತೋಪಡ ಹೊಡೆಯದ ಮನುಷ್ಯ

ನಮಸ್ಕಾರ್ರಿ, ದಾವಣಗೆರೆಯಿಂದ. ಹೋದ ವಾರ ಅಪ್ಪನಿಗೆ ಮೊಬೈಲಲ್ಲಿ ಒಂದು ಫೋಟೋ ತೋರಿಸಿದೆ. ಅಪ್ಪ ಬಡಗಿ, ನಲವತ್ತು ವರ್ಷ ಬಾಗಿಲು, ಕಿಟಕಿ, ದೇವರ ಮಂಟಪ ಮಾಡಿದ ಕೈ. ಫೋಟೋದಲ್ಲಿ ಮರದಲ್ಲಿ ಕೆತ್ತಿದ ಮನುಷ್ಯ: ಬಿಳಿ ಅಂಗಿ, ಕರಿ ಪ್ಯಾಂಟು, ಸುಮ್ಮನೆ ನಿಂತಿದಾನೆ. ಅಪ್ಪ ಕನ್ನಡಕ ಏರಿಸಿ ನೋಡಿ, "ಇದಿನ್ನೂ ಮುಗಿದಿಲ್ಲಲ್ಲೋ! ತೋಪಡ ಹೊಡೆದು ನುಣುಪು ಮಾಡಿಲ್ಲ, ಪಾಲಿಶ್ ಪೇಪರ್ ತಿಕ್ಕಿಲ್ಲ" ಅಂದ್ರು. ಫೋನ್ ವಾಪಸ್ ಕೊಡೋಕೆ ಕೈ ಚಾಚಿದವರು ಮತ್ತೆ ಒಂದ್ಸಲ ನೋಡಿ, "ಯಾರೋ ಇವನು? ಬ್ಯಾಂಕಲ್ಲಿ ಇದಾನೇನು?" ಅಂತ ಕೇಳಿದ್ರು.

ಆ ಪ್ರಶ್ನೆಗೋಸ್ಕರನೇ ಈ ವಿಡಿಯೋ.

ಕೆತ್ತಿದವರು ಜರ್ಮನಿಯ ಸ್ಟೆಫಾನ್ ಬಾಲ್ಕೆನ್‌ಹೋಲ್, 1957ರಲ್ಲಿ ಹುಟ್ಟಿದವರು. ಮನುಷ್ಯ, ಅವನ ಕಾಲ ಕೆಳಗಿನ ಪೀಠ, ಎರಡೂ ಒಂದೇ ದಿಮ್ಮಿಯಲ್ಲಿ. ಉಳಿ ಏಟು ಬಿದ್ದಲ್ಲೇ ಇರುತ್ತೆ, ಸಿಬಿರು ಎದ್ದಿದ್ದರೆ ಎದ್ದೇ ಇರುತ್ತೆ, ಮರ ಒಣಗಿ ಸೀಳು ಬಿಟ್ಟರೆ ಅದೂ ಇರುತ್ತೆ. ಜಪಾನಿನ ಫುನಾಕೋಶಿ ಕತ್ಸುರಾ (1951–2024) ಅವರದು ಬೇರೆ ದಾರಿ: ಸೊಂಟದವರೆಗಿನ ಆಕೃತಿ, ಕಣ್ಣಿಗೆ ಅಮೃತಶಿಲೆ, ಮೈಗೆ ಕರ್ಪೂರದ ಮರ. ನಾವು ದೇವರಿಗೆ ಬೆಳಗೋ ಕರ್ಪೂರ ಬರ್ತಿದ್ದ ಮರ ಅದು, ಅದರಲ್ಲಿ ಶರ್ಟು ಹಾಕ್ಕೊಂಡ ಪಕ್ಕದ ಮನೆಯವನು!

ನಮ್ಮಲ್ಲಿ ಮರ ಅಂದ್ರೆ ದೇವರಿಗೆ. ಶಿರಸಿ ಮಾರಿಕಾಂಬೆ ಮರದ್ದು, ತೇರಿನ ಗೊಂಬೆಗಳೂ ಮರದವೇ. ಮನುಷ್ಯನಿಗೆ ಮೂರ್ತಿ ಬೇಕಂದ್ರೆ ಅವನು ಕತ್ತಿ ಹಿಡಿದಿರಬೇಕು, ಇಲ್ಲ ಬೆರಳು ಎತ್ತಿರಬೇಕು. ಸರ್ಕಲ್ಲಿನ ಮೂರ್ತಿ ನೋಡಿ "ಯಾರೋ ಇವನು" ಅಂತ ಯಾರೂ ಕೇಳಲ್ಲ. ಬೋರ್ಡ್ ಇದೆ, ಜಯಂತಿ ದಿನ ಹಾರ ಇದೆ, ಮುಗೀತು.

ಚಿತ್ರದುರ್ಗಕ್ಕೆ ಹೋದ್ರೆ ಡಿಸಿ ಆಫೀಸ್ ಮುಂದೆ ಒನಕೆ ಓಬವ್ವ. ಮಾಡಿದವರು ಅಶೋಕ್ ಗುಡಿಗಾರ್. ಗುಡಿಗಾರರು ಅಂದ್ರೆ ಸಾಗರ, ಸೊರಬ ಕಡೆ ಶ್ರೀಗಂಧ ಕೆತ್ತೋ ಮನೆತನದವರು. ಮೂರ್ತಿ ಬಗ್ಗೆ ನನ್ನ ತಕರಾರಿಲ್ಲ. ಆದ್ರೆ ಕಥೆ ನೆನಪು ಮಾಡ್ಕೊಳ್ರಿ: ಕಹಳೆಯವನು ಊಟಕ್ಕೆ ಮನೆಗೆ ಬಂದಿದಾನೆ, ಹೆಂಡತಿ ಅವನಿಗೆ ನೀರು ತರೋಕೆ ಹೋಗಿದಾಳೆ. ಕಿಂಡಿ ಹತ್ರ ಸದ್ದು ಕೇಳೋಕೆ ಒಂದು ನಿಮಿಷ ಮುಂಚೆ ಆಕೆ ಯಾರು? ಯಾರೂ ಅಲ್ಲ. ನನಗೆ ಬೇಕಿರೋದು ಆ ಓಬವ್ವ. ಸೊಂಟದ ಮೇಲೆ ಕೊಡ, ಸಾರು ಆರಿಹೋಗುತ್ತಲ್ಲ ಅನ್ನೋ ಮುಖ. ಒನಕೆ ಇನ್ನೂ ಮನೆ ಮೂಲೆಯಲ್ಲೇ ಇದೆ.

"ಜನಸಾಮಾನ್ಯರನ್ನ ಮಾಡಿದಾರಲ್ಲ, ಗೊಟಗೋಡಿ ಉತ್ಸವ್ ರಾಕ್ ಗಾರ್ಡನ್ ನೋಡಿಲ್ವಾ" ಅಂತೀರಿ. ನೋಡಿದೀನಿ, ಎರಡು ಸಲ. ಚೆನ್ನಾಗಿದೆ. ಆದ್ರೆ ಅಲ್ಲಿರೋದು ನಮ್ಮ ಅಜ್ಜ-ಅಜ್ಜಿ ಕಾಲದ ಹಳ್ಳಿ. ಹೆಲ್ಮೆಟ್ ಹಾಕ್ಕೊಂಡವನು ಯಾವಾಗ ಬರ್ತಾನೆ? (ಪಾರ್ಕಿನಲ್ಲಿ ಸಿಮೆಂಟ್ ಬೆಂಚಿಗೆ ಮರದ ಗೆರೆ ಬರೀತಾರಲ್ಲ, ಅದರ ಮಾತು ಎತ್ತಬೇಡಿ. ನಿಜವಾದ ಮರದಲ್ಲಿ ಕೆನ್ನೆ ಬರೋ ಜಾಗಕ್ಕೇ ಗಂಟು ಬಂದು ಕೂರುತ್ತೆ, ಕೆತ್ತೋನು ಅದರ ಜೊತೆ ಜಗಳ ಆಡಬೇಕು. ಬ್ರಷ್ಷಿಗೆ ಎಲ್ಲಿ ಜಗಳ?)

ಬೆಣ್ಣೆದೋಸೆ ಒಲೆ ಮುಂದೆ ನಿಂತವನನ್ನ ನೋಡ್ರಿ. ಸೌದೆ ಝಳಕ್ಕೆ ಮುಖ ಒಂದು ಕಡೆ ವಾರೆ, ಹೆಗಲ ಟವೆಲ್ಲಿನ ಒಂದೇ ತುದಿ ಕರಿ, ಯಾಕಂದ್ರೆ ಹಣೆ ಒರೆಸೋದು ಯಾವಾಗಲೂ ಆ ತುದಿಯಲ್ಲೇ. ಈಚೆ ಪಾರ್ಸೆಲ್‌ಗೆ ಕಾಯ್ತಾ ಡೆಲಿವರಿ ಹುಡುಗ. ಬೆನ್ನ ಮೇಲೆ ಚೌಕದ ಬ್ಯಾಗು, ಹೆಲ್ಮೆಟ್ ತೆಗೆದಿಲ್ಲ, ಕತ್ತು ಬಗ್ಗಿಸಿ ಮೊಬೈಲ್ ನೋಡ್ತಿದಾನೆ.

ಇವನನ್ನ ಕೆತ್ತಬಹುದಾ ಅಂತ ಅಪ್ಪನ್ನ ಕೇಳಿದೆ. "ಹೆಲ್ಮೆಟ್ ಸಲೀಸು, ಕತ್ತು ಕಷ್ಟ" ಅಂದ್ರು. "ಬಗ್ಗಿದ ಕಡೆ ಮರದ ನಾರು ಅಡ್ಡ ಸಿಗುತ್ತೆ, ಉಳಿ ಸ್ವಲ್ಪ ಜೋರಾದ್ರೆ ತಲೆ ಕೈಗೆ ಬರುತ್ತೆ." ಆಮೇಲೆ ಹಿತ್ತಲಿಗೆ ಹೋಗಿ, ಅಲ್ಲಿದ್ದ ಬೇವಿನ ದಿಮ್ಮಿ ಮೇಲೆ ಗೇಣು ಹಾಕಿ ಅಳೆದ್ರು.

"ನೀರೊಲೆಗೆ ಅಂತ ಇಟ್ಟಿದ್ದು ಇದು. ನಿಮ್ಮಮ್ಮನ್ನ ಒಂದ್ಮಾತು ಕೇಳು."