87ರಿಂದ ಭಾಗಿಸಿದರೆ ಇಂಜಿನ್ ಆಗುತ್ತದಾ?

[ತೆರೆಯ ಮೇಲೆ: ಮೇಜಿನ ಮೇಲೆ ಬೂದು ಬಣ್ಣದ ಎರಡು ಪುಟ್ಟ ಇಂಜಿನ್‌ಗಳು. ಒಂದು ಇನ್ನೊಂದಕ್ಕಿಂತ ಸ್ವಲ್ಪ ಉದ್ದ.]

ಈ ಎರಡು ಇಂಜಿನ್‌ಗಳಲ್ಲಿ ಯಾವುದು ತಪ್ಪು, ಹೇಳಿ ನೋಡೋಣ. ಗೊತ್ತಾಗಲಿಲ್ಲ ಅಲ್ವಾ? ನನಗೂ ಗೊತ್ತಾಗಿರಲಿಲ್ಲ. ಉದ್ದ ಇರೋದು ತಪ್ಪು. ಅದರ ಮೇಲೆ ನನ್ನ ಎರಡು ತಿಂಗಳ ಭಾನುವಾರಗಳು ಹೋಗಿವೆ.

ನಮಸ್ಕಾರ. ಇವತ್ತು ನಿಜವಾದ ರೈಲು ಇಂಜಿನ್ ನೋಡಿ, ಅಳತೆಗೆ ಸರಿಯಾದ ಮಾಡೆಲ್ ಹೇಗೆ ಡಿಸೈನ್ ಮಾಡೋದು ಅಂತ ನೋಡೋಣ. ನಾನು ಆರಿಸಿಕೊಂಡಿರೋದು ಡಬ್ಲ್ಯುಡಿಎಂ-2. ಹೆಸರು ಗೊತ್ತಿಲ್ಲದಿದ್ದರೂ ನೀವು ಇದನ್ನು ನೋಡಿರುತ್ತೀರಿ. ಒಂದು ಕಡೆ ಉದ್ದ ಮೂತಿ, ಇನ್ನೊಂದು ಕಡೆ ಗಿಡ್ಡ ಮೂತಿ, ನಡುವೆ ಡ್ರೈವರ್ ಕೋಣೆ. ಹೊರಡುವಾಗ ಕಪ್ಪು ಹೊಗೆ. 1962ರಲ್ಲಿ ಅಮೆರಿಕದ ಆಲ್ಕೋ ಕಂಪನಿಯಿಂದ ಬಂತು, 1964ರಿಂದ ವಾರಾಣಸಿಯಲ್ಲೇ ತಯಾರಾಯಿತು. 2600 ಅಶ್ವಶಕ್ತಿ. ಪ್ಯಾಸೆಂಜರ್, ಗೂಡ್ಸ್ ಎರಡನ್ನೂ ದಶಕಗಟ್ಟಲೆ ಎಳೆದ ಇಂಜಿನ್.

[ತೆರೆಯ ಮೇಲೆ: ಕಾಗದದ ಮೇಲೆ ಲೆಕ್ಕ ಬರೆಯುವ ಕೈ.]

ಮಾಡೆಲ್ ಮಾಡುವವರಲ್ಲಿ ಜಾಸ್ತಿ ಜನ ಬಳಸೋ ಅಳತೆ ಎಚ್‌ಓ. ನಿಜವಾದ ಒಂದು ಅಡಿ ಇಲ್ಲಿ ಮೂರೂವರೆ ಮಿಲಿಮೀಟರ್. ಅಂದರೆ ಎಲ್ಲವನ್ನೂ 87.1ರಿಂದ ಭಾಗಿಸಬೇಕು. ಬಫರ್ ಅಂದರೆ ಇಂಜಿನ್‌ನ ಎರಡು ತುದಿಗಳಲ್ಲಿ ಗುದ್ದು ತಡೆಯೋ ದುಂಡನೆ ತಟ್ಟೆ; ಬಫರ್‌ನಿಂದ ಬಫರ್‌ಗೆ 17.12 ಮೀಟರ್ ಉದ್ದದ ಇಂಜಿನ್ 196.6 ಮಿ.ಮೀ. ಆಗುತ್ತದೆ. ಎತ್ತರ 4185 ಮಿ.ಮೀ., ಅದು 48. ಗಾಲಿಯ ವ್ಯಾಸ 1092, ಅದು ಹನ್ನೆರಡೂವರೆ. ಕ್ಯಾಲ್ಕುಲೇಟರ್ ಇದ್ದರೆ ಸಾಕು ಅನ್ನಿಸುತ್ತದೆ.

ನನಗೂ ಹಾಗೇ ಅನ್ನಿಸಿತ್ತು. ಎಡವಿದ್ದು ಈ ಗಾಲಿಯಲ್ಲೇ.

ಇಂಜಿನ್‌ನ ದೊಡ್ಡ ಅಳತೆಗಳು ಸುಲಭವಾಗಿ ಸಿಗುತ್ತವೆ. ಆದರೆ ಕಿಟಕಿ ಎಷ್ಟು ಅಗಲ, ಹುಡ್‌ನ (ಅಂದರೆ ಆ ಮೂತಿಯ) ಬಾಗಿಲು ಎಲ್ಲಿಂದ ಶುರು, ಮೆಟ್ಟಿಲು ಎಷ್ಟು ಎತ್ತರ, ಇವಕ್ಕೆಲ್ಲ ಫೋಟೋನೇ ಗತಿ. ಫೋಟೋದಲ್ಲಿ ಅಳೆಯಬೇಕಾದರೆ ಅಳತೆಗೋಲು ಒಂದು ಬೇಕಲ್ಲ? ಗಾಲಿ 1092 ಮಿ.ಮೀ. ಅಂತ ಗೊತ್ತಿತ್ತು, ಅದನ್ನೇ ಗೋಲು ಮಾಡಿಕೊಂಡೆ. ಅಳೆದೆ, ಕಂಪ್ಯೂಟರ್‌ನ ಕ್ಯಾಡ್‌ನಲ್ಲಿ ಬರೆದೆ, 3ಡಿ ಪ್ರಿಂಟ್ ಹಾಕಿಸಿದೆ. ಒಂಟಿಯಾಗಿ ಇಟ್ಟರೆ ಬಹಳ ಚೆನ್ನಾಗಿತ್ತು. ಕೊಂಡು ತಂದ ಗಾಲಿ ಜೋಡಿಸಿದೆ. ಅಪ್ಪನ ಕಾಲಿಗೆ ಮಗುವಿನ ಚಪ್ಪಲಿ ಹಾಕಿದ ಹಾಗೆ ಕಾಣಿಸಿತು. ಕ್ಯಾಲಿಪರ್ ಹಿಡಿದು ನೋಡಿದರೆ ಮೈ 209 ಮಿ.ಮೀ.! ಹನ್ನೆರಡು ಮಿ.ಮೀ. ಜಾಸ್ತಿ.

[ತೆರೆಯ ಮೇಲೆ: ಎರಡು ವೃತ್ತ. ಹೊಸ ಗಾಲಿ 1092, ಸವೆದ ಗಾಲಿ 1016.]

ವಿಷಯ ಬಿಡಿಸಿ ಹೇಳಿದ್ದು ಲೋಕೋ ಶೆಡ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಮಾವ. "ಅಲ್ಲಯ್ಯಾ, ಗಾಲಿ ಸವೆಯಲ್ವಾ?" ಅಂದರು. ಅಷ್ಟೇ ವಿಷಯ. 1092 ಅನ್ನೋದು ಹೊಸ ಗಾಲಿಯ ವ್ಯಾಸ. ಓಡಿ ಓಡಿ ಸವೆಯುತ್ತದೆ, ಲೇತ್‌ಗೆ ಹಾಕಿ ಮತ್ತೆ ಕಡೆಯುತ್ತಾರೆ, ಇನ್ನಷ್ಟು ಸಣ್ಣದಾಗುತ್ತದೆ. 1016ಕ್ಕೆ ಬಂದರೆ ತೆಗೆದು ಹಾಕುತ್ತಾರೆ. ನನ್ನ ಫೋಟೋದಲ್ಲಿದ್ದ ಗಾಲಿ ಆಯಸ್ಸು ಮುಗಿಸುತ್ತಿತ್ತು. ಗೋಲೇ ಗಿಡ್ಡ, ಹಾಗಾಗಿ ಇಂಜಿನ್ ಪೂರ್ತಿ ಉದ್ದ. ಎಲ್ಲವೂ ಒಂದೇ ಪ್ರಮಾಣದಲ್ಲಿ ಹಿಗ್ಗಿದ್ದರಿಂದ ಕಣ್ಣಿಗೆ ಹಿಡಿಯಲಿಲ್ಲ.

ಈಗ ನಾನು ಸವೆಯದ ಎರಡು ಅಳತೆ ಇಟ್ಟುಕೊಂಡು ಒಂದನ್ನೊಂದು ತಾಳೆ ನೋಡುತ್ತೇನೆ. ಒಟ್ಟು ಉದ್ದ ಒಂದು. ಬೋಗಿಯಲ್ಲಿ ಮೊದಲ ಅಚ್ಚಿನಿಂದ ಕೊನೆಯ ಅಚ್ಚಿಗೆ ಇರುವ ದೂರ ಇನ್ನೊಂದು, ಅದು 3810 ಮಿ.ಮೀ. ಫೋಟೋ ತೆಗೆಯುವಾಗಲೂ ಅಷ್ಟೇ, ಹತ್ತಿರ ಹೋಗಬೇಡಿ. ಆದಷ್ಟು ದೂರ ನಿಂತು, ಇಂಜಿನ್‌ಗೆ ನೇರ ಎದುರಾಗಿ, ಜೂಮ್ ಮಾಡಿ ತೆಗೆಯಿರಿ. ಹತ್ತಿರದಿಂದ ತೆಗೆದರೆ ಎದುರಿಗಿರೋದು ಉಬ್ಬುತ್ತದೆ, ತುದಿಗಳು ಕುಗ್ಗುತ್ತವೆ.

ಬೋಗಿ ಅಂದೆನಲ್ಲ, ಒಂದು ಮಾತು. ನಾವು ಡಬ್ಬಿಗೆ ಬೋಗಿ ಅನ್ನುತ್ತೇವೆ. ಶೆಡ್‌ನವರ ಬಾಯಲ್ಲಿ ಬೋಗಿ ಅಂದರೆ ಇಂಜಿನ್ ಅಡಿಯಲ್ಲಿ ಗಾಲಿಗಳನ್ನು ಹಿಡಿದಿರುವ ಚೌಕಟ್ಟು. ಇದರಲ್ಲಿ ಅಂಥವು ಎರಡು, ಒಂದೊಂದಕ್ಕೆ ಮೂರು ಅಚ್ಚು. ಮೂರು ಅಚ್ಚುಗಳ ನಡುವಿನ ಅಂತರ ಸಮ ಇಲ್ಲ, ನೋಡಿ. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ. ಪ್ರತಿ ಅಚ್ಚಿಗೂ ಒಂದು ಮೋಟರ್ ಇದೆ, ಅಗಲವಾದ ಸಂದಿಯಲ್ಲಿ ಎರಡು ಮೋಟರ್ ಕೂರಬೇಕು, ಅದಕ್ಕೆ. ಸಮ ಅಂತರದಲ್ಲಿ ಬರೆದುಬಿಟ್ಟರೆ ಇಂಜಿನ್‌ನ ಮುಖಲಕ್ಷಣವೇ ಹೋಗುತ್ತದೆ.

[ತೆರೆಯ ಮೇಲೆ: ಹಳಿಯ ಮೇಲೆ ಗಾಲಿ, ಎದುರಿನಿಂದ.]

ಈಗ ನಿಜವಾದ ತಲೆನೋವಿಗೆ ಬರೋಣ. ನಮ್ಮ ಬ್ರಾಡ್‌ಗೇಜ್ ಹಳಿಗಳ ಅಂತರ 1676 ಮಿ.ಮೀ. 87.1ರಿಂದ ಭಾಗಿಸಿದರೆ 19.2. ಅಂಗಡಿಯಲ್ಲಿ ಸಿಗುವ ಎಚ್‌ಓ ಹಳಿಯ ಅಂತರ 16.5 ಮಾತ್ರ. ಯಾಕೆಂದರೆ ಅದು ಯುರೋಪ್, ಅಮೆರಿಕದ 1435 ಮಿ.ಮೀ. ಹಳಿಯ ಲೆಕ್ಕ. ಅಂದರೆ ಮೈ ಸರಿಯಾಗಿ ಮಾಡಿದರೂ ಗಾಲಿಗಳು ಎರಡೂ ಕಡೆ 1.4 ಮಿ.ಮೀ.ನಷ್ಟು ಒಳಗೆ ಹೋಗಲೇಬೇಕು. ಹಳಿಗೆ ಹೊಂದಲಿ ಅಂತ ಇಂಜಿನ್ನನ್ನೇ ಕಿರಿದು ಮಾಡಿದರೆ ಅಳತೆ ಸುಮಾರು 1:102 ಆಗುತ್ತದೆ. ಆಮೇಲೆ ಅದರ ಹಿಂದೆ ಜೋಡಿಸಲು ಎಚ್‌ಓ ಡಬ್ಬಿ ಯಾವುದೂ ಹೊಂದುವುದಿಲ್ಲ.

ಈ ಪೇಚು ನಮಗೊಬ್ಬರಿಗೇ ಬಂದಿದ್ದಲ್ಲ. ಬ್ರಿಟನ್‌ನಲ್ಲಿ ಇಂಜಿನ್‌ಗಳೇ ಚಿಕ್ಕವು. ಎಚ್‌ಓ ಅಳತೆಗೆ ಇಳಿಸಿದರೆ ಆ ಕಾಲದ ಮೋಟರ್ ಒಳಗೆ ಹಿಡಿಯುತ್ತಿರಲಿಲ್ಲ. ಮೈಯನ್ನು 1:76ಕ್ಕೆ ಹಿಗ್ಗಿಸಿದರು, ಹಳಿಯನ್ನು 16.5ಕ್ಕೇ ಬಿಟ್ಟರು. ಸರಿಯಾಗಿ 18.83 ಇರಬೇಕಿತ್ತು. ಇವತ್ತಿಗೂ ಅಲ್ಲಿ ಜಾಸ್ತಿ ಜನ ಓಡಿಸೋದು ಹಾಗೇ. ಹಟ ಹಿಡಿದ ಕೆಲವರು ಮಾತ್ರ 18.83ರ ಹಳಿಯನ್ನು ಕೈಯಲ್ಲೇ ಕೂರಿಸುತ್ತಾರೆ.

ನಾನು ಹೀಗೆ ಮಾಡಿದೆ: ಗಾಲಿ ಒಳಗೆ ಹೋಗಲಿ, ಬೋಗಿಯ ಹೊರ ಚೌಕಟ್ಟು ಮಾತ್ರ ಸರಿಯಾದ ಅಗಲದಲ್ಲೇ ಇರಲಿ. ಪಕ್ಕದಿಂದ ನೋಡಿದರೆ ಮೋಸ ಗೊತ್ತಾಗಲ್ಲ.

ಗಾಲಿಯಲ್ಲಿ ಇನ್ನೊಂದು ಸುಳ್ಳೂ ಇದೆ. ನಿಜವಾದ ಗಾಲಿಯ ಅಗಲ 127 ಮಿ.ಮೀ., ಮಾಡೆಲ್‌ಗೆ ಒಂದೂವರೆ ಸಾಕು. ಆದರೆ ಅಂಗಡಿಯ ಮಾಮೂಲಿ ಎಚ್‌ಓ ಗಾಲಿ 2.8 ಮಿ.ಮೀ. ಅಗಲ ಇರುತ್ತದೆ. ಹಳಿ ಹಿಡಿಯುವ ಅಂಚು, ಅಂದರೆ ಫ್ಲ್ಯಾಂಜ್, ಅದೂ ಹೆಚ್ಚುಕಡಿಮೆ ಎರಡರಷ್ಟು. ತೆಳ್ಳಗೆ ಮಾಡಿದರೆ ಮನೆಯ ಹಳಿಯ ಏರುತಗ್ಗಿಗೆ ಇಂಜಿನ್ ಹಾರಿ ಬೀಳುತ್ತದೆ. ಇದನ್ನು ನಾನು ಒಪ್ಪಿಕೊಂಡುಬಿಟ್ಟಿದ್ದೇನೆ.

ತಿರುವಿನದೂ ಇದೇ ಕಥೆ. ನಮ್ಮ ಬ್ರಾಡ್‌ಗೇಜ್‌ನಲ್ಲಿ ಅತಿ ಚಿಕ್ಕ ತಿರುವಿನ ತ್ರಿಜ್ಯ 175 ಮೀಟರ್. ಮಾಡೆಲ್‌ನಲ್ಲಿ ಎರಡು ಮೀಟರ್. ಒಂದು ಸುತ್ತು ಹಾಕಲು ನಾಲ್ಕು ಮೀಟರ್ ಅಗಲದ ಕೋಣೆ ಬೇಕು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ! ಹಾಗಾಗಿ ಎಲ್ಲರೂ ಬಳಸೋದು 18 ಇಂಚಿನ ತಿರುವು. ಅಲ್ಲಿ ಬೋಗಿ ಎಷ್ಟು ತಿರುಗುತ್ತದೆಂದರೆ ಮೆಟ್ಟಿಲಿನ ಹಿಂಭಾಗಕ್ಕೆ ಬಡಿಯುತ್ತದೆ. ಮೆಟ್ಟಿಲನ್ನು ಮುಂದಿನಿಂದ ಹಾಗೇ ಬಿಟ್ಟು, ಹಿಂದಿನಿಂದ ಕೆರೆದು ತೆಳ್ಳಗೆ ಮಾಡಿದೆ. ನಡುವಿನ ಅಚ್ಚಿಗೆ ಆಚೀಚೆ ಸರಿಯಲು ಅರ್ಧ ಮಿ.ಮೀ. ಸಡಿಲ ಕೊಟ್ಟೆ.

[ತೆರೆಯ ಮೇಲೆ: ಡ್ರೈವರ್ ಕೋಣೆಯ ಕಿಟಕಿ, ತೀರಾ ಹತ್ತಿರದಿಂದ.]

ಇಲ್ಲಿ ನೋಡಿ. ರೆಸಿನ್ ಪ್ರಿಂಟ್‌ನಲ್ಲಿ ಗೋಡೆ ಸೊಟ್ಟಗಾಗದೆ ನಿಲ್ಲಲಿ ಅಂತ ಒಂದು ಮಿ.ಮೀ. ದಪ್ಪ ಕೊಟ್ಟಿದ್ದೇನೆ. ಲೆಕ್ಕ ಹಾಕಿದರೆ ನಿಜದಲ್ಲಿ 87 ಮಿ.ಮೀ., ಮನೆಯೊಳಗಿನ ನಾಲ್ಕಿಂಚಿನ ಗೋಡೆ ಇದ್ದ ಹಾಗೆ! ಕಬ್ಬಿಣದ ತಗಡು ಎಲ್ಲಾದರೂ ಅಷ್ಟು ದಪ್ಪ ಇರುತ್ತದಾ? ಮೊದಲ ಸಲ ಕಿಟಕಿಗಳು ಕೋಟೆಯ ಕಿಂಡಿಯ ಹಾಗೆ ಕಾಣುತ್ತಿದ್ದವು. ಈ ಸಲ ಕಿಟಕಿಯ ಅಂಚಿನಲ್ಲಿ ಮಾತ್ರ ಒಳಗಿನಿಂದ ಓರೆಯಾಗಿ ಕೆತ್ತಿ 0.3 ಮಿ.ಮೀ.ಗೆ ಇಳಿಸಿದೆ. ಗೋಡೆ ದಪ್ಪವೇ ಇದೆ, ಕಣ್ಣಿಗೆ ಬೀಳೋದು ತೆಳ್ಳನೆ ಅಂಚು.

ಹುಡ್‌ನ ಬಾಗಿಲ ಸಂದಿಗೆ ಉಲ್ಟಾ. ಮೂರು ಮಿ.ಮೀ. ಸಂದಿ ಭಾಗಿಸಿದರೆ 0.03 ಆಗುತ್ತದೆ. ಅದನ್ನು ಪ್ರಿಂಟರ್ ಮೂಡಿಸೋದಿಲ್ಲ, ಮೂಡಿಸಿದರೂ ಬಣ್ಣ ಹೊಡೆದಾಗ ಮುಚ್ಚಿಹೋಗುತ್ತದೆ. 0.15ಕ್ಕೆ ಹಿಗ್ಗಿಸಿ ಬರೆದೆ. ಕೈಹಿಡಿ ಕಂಬಿಗಳನ್ನು ಪ್ರಿಂಟ್ ಮಾಡಲೇಬೇಡಿ, ಉಗುರು ತಾಗಿದರೆ ಮುರಿಯುತ್ತವೆ. 0.4 ಮಿ.ಮೀ. ಹಿತ್ತಾಳೆ ತಂತಿ ತಂದು ಬಗ್ಗಿಸಿ. ತೂತುಗಳನ್ನು ಮಾತ್ರ ಡಿಸೈನ್‌ನಲ್ಲೇ ಗುರುತು ಹಾಕಿಡಿ, ಇಲ್ಲದಿದ್ದರೆ ಎಡದ್ದು ಮೇಲೆ, ಬಲದ್ದು ಕೆಳಗೆ.

ತೂಕದ ಲೆಕ್ಕ ಸುಮ್ನೆ ತಮಾಷೆಗೆ ಕೇಳಿ. 112.8 ಟನ್ ಇಂಜಿನ್. ತೂಕಕ್ಕೆ 87.1ರಿಂದ ಮೂರು ಸಲ ಭಾಗಿಸಬೇಕು. ಬರೋದು 171 ಗ್ರಾಂ. ಅಷ್ಟಕ್ಕೇ ಬಿಟ್ಟರೆ ನಾಲ್ಕು ಡಬ್ಬಿ ಎಳೆಯುವಷ್ಟರಲ್ಲಿ ಗಾಲಿ ಜಾರುತ್ತದೆ. ಒಳಗೆ ಸೀಸ ತುಂಬಿದ್ದೇನೆ.

ಇನ್ನೊಂದು ಮುಖ್ಯವಾದದ್ದು. ಡಬ್ಲ್ಯುಡಿಎಂ-2 ಅಂತ ಒಂದೇ ಇಂಜಿನ್ ಇಲ್ಲ. ಗಿಡ್ಡ ಮೂತಿ ಪೂರ್ತಿ ಅಗಲಕ್ಕೆ ಬಂದು, ಕಿಟಕಿ ದೊಡ್ಡದಾಗಿರುವ ಕೆಲವು ಇವೆ, ಅವಕ್ಕೆ ಜಂಬೋ ಅನ್ನುತ್ತಾರೆ. ಆಮೇಲೆ ಏರ್ ಬ್ರೇಕ್ ಕೂಡಿಸಿದಾಗ ಬಫರ್‌ಗಳ ನಡುವೆ ಪೈಪುಗಳು ಬದಲಾದವು. ಬಣ್ಣವಂತೂ ಶೆಡ್ಡಿಗೊಂದು. ಅದಕ್ಕೇ ಒಂದು ನಂಬರ್ ಆರಿಸಿ, ಒಂದು ದಿನದ ಫೋಟೋಗಳನ್ನೇ ಹಿಡಿದುಕೊಳ್ಳಿ. ಹತ್ತು ಇಂಜಿನ್‌ಗಳ ಫೋಟೋ ಬೆರೆಸಿದರೆ ಯಾವ ಹಳಿಯ ಮೇಲೂ ಓಡದ ಹನ್ನೊಂದನೆಯದು ಹುಟ್ಟುತ್ತದೆ.

[ತೆರೆಯ ಮೇಲೆ: ಬಣ್ಣ ಹೊಡೆದ ಇಂಜಿನ್ ನಿಧಾನವಾಗಿ ಕ್ಯಾಮೆರಾ ಕಡೆ ಬರುತ್ತದೆ.]

ಎಲ್ಲ ಮುಗಿಸಿ ಮಾವನ ಮುಂದೆ ಓಡಿಸಿದೆ. ಪಕ್ಕದಿಂದ ನೋಡಿ ತಲೆದೂಗಿದರು. ಆಮೇಲೆ ಕನ್ನಡಕ ಹಾಕಿಕೊಂಡು, ಮೇಜಿಗೆ ಗಲ್ಲ ಊರಿ ಎದುರಿನಿಂದ ನೋಡಿದರು.

"ಗಾಲಿ ಯಾಕೋ ಒಳಗೆ ಹೋಗಿದೆಯಲ್ಲಪ್ಪಾ?"

19.2 ಮಿ.ಮೀ. ಅಂತರಕ್ಕೆ ಅರ್ಧ ಅಡಿ ಹಳಿ ಕೈಯಲ್ಲೇ ಕೂರಿಸಿ ನೋಡಿದ್ದೇನೆ. ಮುಂದಿನ ವಿಡಿಯೋ ಅದರದ್ದೇ.