ಸೂರ್ಯನ ಮೋಡ ಯಾವ ಕಡೆ ಮುಖ ಮಾಡಿದೆ?

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇವತ್ತಿನ ಹವಾಮಾನ ವರದಿಯಲ್ಲಿ ಮಳೆ ಇಲ್ಲ. ಮೋಡ ಮಾತ್ರ ಇದೆ, ಅದು ಬರುವುದು ಸೂರ್ಯನಿಂದ.

1859ರ ಸೆಪ್ಟೆಂಬರ್ 1. ಇಂಗ್ಲೆಂಡಿನಲ್ಲಿ ಖಗೋಳ ವೀಕ್ಷಕ ರಿಚರ್ಡ್ ಕ್ಯಾರಿಂಗ್ಟನ್ ಎಂದಿನಂತೆ ಸೂರ್ಯನ ಕಲೆಗಳ ಚಿತ್ರ ಬರೆದುಕೊಳ್ಳುತ್ತಿದ್ದರು. ಇದ್ದಕ್ಕಿದ್ದಂತೆ ಕಲೆಗಳ ನಡುವೆ ಎರಡು ಕಡೆ ಬೆಳ್ಳಗೆ ಬೆಳಕು ಹೊತ್ತಿಕೊಂಡಿತು. ಸಾಕ್ಷಿಗೆ ಯಾರನ್ನಾದರೂ ಕರೆಯೋಣ ಎಂದು ಓಡಿದರು. ಒಂದು ನಿಮಿಷದೊಳಗೆ ವಾಪಸ್ ಬಂದು ನೋಡಿದರೆ ಬೆಳಕು ಆಗಲೇ ಮಂಕಾಗಿತ್ತು! ಹದಿನೇಳೂವರೆ ಗಂಟೆ ಕಳೆದ ಮೇಲೆ ಸೂರ್ಯನಿಂದ ಹೊರಟ ಮೋಡ ಬಂದು ಭೂಮಿಗೆ ಪೆಟ್ಟು ಬಿತ್ತು.

ಆ ಪೆಟ್ಟಿನ ಲೆಕ್ಕ ಇಟ್ಟವರು ನಮ್ಮ ಮುಂಬಯಿಯಲ್ಲಿದ್ದರು. ಕೊಲಾಬಾ ವೀಕ್ಷಣಾಲಯದಲ್ಲಿ ಕಾಂತದ ಅಳತೆ ನೋಡಿ ಗಂಟೆಗೊಮ್ಮೆ ಕೈಯಲ್ಲೇ ಅಂಕಿ ಬರೆಯುತ್ತಿದ್ದರು. ಅವತ್ತು ಅಳತೆ ಎಷ್ಟು ಬೇಗ ಬದಲಾಯಿತೆಂದರೆ ಐದು ನಿಮಿಷಕ್ಕೊಮ್ಮೆ ಬರೆಯಬೇಕಾಯಿತು. ಅಲ್ಲಿ ಭೂಮಿಯ ಅಡ್ಡ ಕಾಂತಬಲ ಸುಮಾರು 1,600 ನ್ಯಾನೊಟೆಸ್ಲಾ (ಕಾಂತಬಲ ಅಳೆಯುವ ಮಾನ) ಕುಸಿದಿತ್ತು. 2003ರಲ್ಲಿ ವಿಜ್ಞಾನಿಗಳು ಆ ಕಾಂತೀಯ ಬಿರುಗಾಳಿ ಎಷ್ಟು ಜೋರಿತ್ತು ಎಂದು ಅಂದಾಜು ಮಾಡಿದ್ದು ಇದೇ ಅಂಕಿಗಳಿಂದ. ಆ ಬರಹಗಾರರಿಗೆ ಒಂದು ನಮಸ್ಕಾರ ಸಲ್ಲಬೇಕು, ಅಲ್ವಾ?

ಸೂರ್ಯನಿಂದ ಹೊರಬಿದ್ದ ಪ್ಲಾಸ್ಮಾ (ವಿದ್ಯುದಂಶವುಳ್ಳ ಕಾದ ಅನಿಲ) ಮೋಡ ತನ್ನ ಕಾಂತಕ್ಷೇತ್ರವನ್ನೂ ಹೊತ್ತು ತರುತ್ತದೆ. ಅದು ಉತ್ತರಕ್ಕೆ ಮುಖ ಮಾಡಿದ್ದರೆ ಭೂಮಿಯ ಕಾಂತಕ್ಷೇತ್ರದ ಬಾಗಿಲು ಹೆಚ್ಚುಕಡಿಮೆ ಹಾಕಿಯೇ ಇರುತ್ತದೆ. ದಕ್ಷಿಣಕ್ಕಿದ್ದರೆ ಭೂಮಿಯ ಕಾಂತರೇಖೆಗಳು ಮೋಡದ ರೇಖೆಗಳ ಜೊತೆ ಬೆಸೆದುಕೊಂಡು ಚಿಲಕ ತೆರೆಯುತ್ತದೆ. ಹಾಗಾಗಿ ಎಷ್ಟು ದೊಡ್ಡ ಮೋಡ ಎನ್ನುವುದರಷ್ಟೇ, ಯಾವ ಕಡೆ ತಿರುಗಿದೆ ಎನ್ನುವುದೂ ಮುಖ್ಯ.

ಒಳಗೆ ಬಂದ ಶಕ್ತಿ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಹಾಲಿನ ಹಾಗೆ ಉಕ್ಕುತ್ತದೆ. 2022ರ ಫೆಬ್ರವರಿಯಲ್ಲಿ ಇಂಟರ್‌ನೆಟ್ ಕೊಡುವ 49 ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಮೊದಲು ಸುಮಾರು 210 ಕಿ.ಮೀ. ಎತ್ತರದಲ್ಲಿ ಬಿಟ್ಟಿದ್ದರು. ಬಂದದ್ದು ಸಾಧಾರಣ ಬಿರುಗಾಳಿ. ಆದರೂ ಉಕ್ಕಿದ ಗಾಳಿಯ ಎಳೆತಕ್ಕೆ 38 ಉಪಗ್ರಹಗಳು ಮೇಲೇರಲಾಗದೆ ಉದುರಿ ಸುಟ್ಟುಹೋದವು. ಕ್ಯಾರಿಂಗ್ಟನ್ ಕಥೆಯಷ್ಟೇ ಹೇಳಿ ಹೆದರಿಸುವುದು ನನಗೆ ಇಷ್ಟವಿಲ್ಲ. ಸಣ್ಣ ಬಿರುಗಾಳಿಯ ಬಿಲ್ಲೂ ಜಾಸ್ತಿಯೇ ಬರುತ್ತದೆ.

ಇದೇ ಗಾಳಿ ಚೆಂದವೂ ಕಾಣುತ್ತದೆ. 2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯ ಕ್ಯಾಮೆರಾಗಳಲ್ಲಿ ಬಿರುಗಾಳಿಯ ಧ್ರುವಪ್ರಭೆಯಿಂದ ಆಕಾಶ ಕೆಂಪಾಗಿ ಕಂಡಿತು. ಬರೀ ಕೆಂಪು ಯಾಕೆ? ಚೈತನ್ಯ ಪಡೆದ ಆಮ್ಲಜನಕದ ಪರಮಾಣು ಕೆಂಪು ಬೆಳಕು ಚೆಲ್ಲಲು ಹೆಚ್ಚುಕಡಿಮೆ ಎರಡು ನಿಮಿಷ ತೆಗೆದುಕೊಳ್ಳುತ್ತದೆ. ಕೆಳಗಿನ ದಟ್ಟ ಗಾಳಿಯಲ್ಲಿ ಅಷ್ಟರೊಳಗೆ ಇನ್ನೊಂದಕ್ಕೆ ಡಿಕ್ಕಿ ಹೊಡೆದು ಆ ಚೈತನ್ಯ ಕಳೆದುಕೊಳ್ಳುತ್ತದೆ. 200 ಕಿ.ಮೀ.ಗಿಂತ ಮೇಲೆ ಡಿಕ್ಕಿ ಅಪರೂಪ. ದೂರದ ಉತ್ತರದ ಆ ಎತ್ತರದ ಕೆಂಪಷ್ಟೇ ದಿಗಂತ ದಾಟಿ ಹಾನ್ಲೆಗೆ ಕಾಣುತ್ತದೆ. ಅದಕ್ಕಿಂತ ಕೆಳಗೆ ಹೊಳೆಯುವ ಹಸಿರು ಬೆಳಕು ದಿಗಂತದ ಕೆಳಗೆ ಮರೆಯಾಗುತ್ತದೆ.

ಕಾಂತಕ್ಷೇತ್ರ ಇಲ್ಲದ ಗ್ರಹದಲ್ಲಿ ಗಾಳಿಯೇ ಉಳಿಯುವುದಿಲ್ಲ ಎಂದು ಸುಮ್ನೆ ಹೇಳುವವರಿದ್ದಾರೆ. ಮಂಗಳ ಸೆಕೆಂಡಿಗೆ ಸುಮಾರು 100 ಗ್ರಾಂ ಗಾಳಿ ಕಳೆದುಕೊಳ್ಳುತ್ತಿದೆ ಎಂದು ನಾಸಾದ ಮೇವನ್ ನೌಕೆ ಅಳೆದದ್ದು ನಿಜ, ಬಿರುಗಾಳಿ ಬಂದಾಗ ಇನ್ನೂ ಜಾಸ್ತಿ. ಆದರೆ ಶುಕ್ರನಿಗೂ ಸ್ವಂತ ಕಾಂತಕ್ಷೇತ್ರವಿಲ್ಲ. ಅಲ್ಲಿನ ವಾಯುಒತ್ತಡ ನಮ್ಮದರ 90 ಪಟ್ಟು! ಕಥೆ ಅಷ್ಟು ಸರಳ ಅಲ್ಲ.

ಈಗ ನಮ್ಮ ಆದಿತ್ಯ-ಎಲ್1 ನೌಕೆ ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದಲ್ಲಿ ಕಾವಲಿದೆ. ಮೋಡ ಯಾವ ಕಡೆ ಮುಖ ಮಾಡಿದೆ ಎಂದು ಖಚಿತವಾಗಿ ಅಳೆಯುವುದು ಮೋಡ ನೌಕೆಯ ಹತ್ತಿರ ತಲುಪಿದ ಮೇಲೆಯೇ. ಸೆಕೆಂಡಿಗೆ 500 ಕಿ.ಮೀ. ವೇಗದ ಮೋಡವಾದರೆ ನಮಗೆ ಸಿಗುವುದು 50 ನಿಮಿಷ. ಕ್ಯಾರಿಂಗ್ಟನ್ ಕಾಲದಲ್ಲಿ ಬಂದಂಥ ಮೋಡವಾದರೆ ಹತ್ತೇ ನಿಮಿಷ. ನಾನು ಈಗ ಮಾತಾಡಿದಷ್ಟು ಹೊತ್ತೂ ಇಲ್ಲ.